ಮುಸುರೆ ತೊಳೆಯುವಾಗ ಶುರುವಾದ ಮಾತು

ಬೆಲ್‌ಫಾಸ್ಟ್‌ಗೆ (ಉತ್ತರ ಐರ್ಲೆಂಡಿನ ದೊಡ್ಡ ಊರು) ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಸಂಗತಿ ನನಗೆ ಬಗೆಹರಿಯುತ್ತಿರಲಿಲ್ಲ. ದಶಕಗಳ ಕಾಲ ಹೊಡೆದಾಡಿದ ಈ ಎರಡು ಕಡೆಯವರಲ್ಲಿ ಯಾರು ಕ್ಯಾಥೊಲಿಕ್, ಯಾರು ಪ್ರೊಟೆಸ್ಟಂಟ್ ಅಂತ ಇಲ್ಲಿಯವರಿಗೆ ಗೊತ್ತಾಗುವುದು ಹೇಗೆ? ಬಣ್ಣ ಒಂದೇ, ಮಾತು ಒಂದೇ, ಮಳೆಗೆ ಬೈಯುವ ರೀತಿಯೂ ಒಂದೇ. ಜೊತೆಗೆ ಕೆಲಸ ಮಾಡುವ ಹೆಂಗಸೊಬ್ಬರು ನಕ್ಕರು. "ಹೆಸರು ಕೇಳು, ಓದಿದ ಶಾಲೆ ಕೇಳು, ಸಾಕು" ಅಂದರು. ನಮ್ಮೂರಲ್ಲಿ "ನೀವು ಯಾವ ಕಡೆಯವರು?" ಅಂತ ನಯವಾಗಿ ವಿಚಾರಿಸುತ್ತಾರಲ್ಲ, ಅದೇ ವಿದ್ಯೆ!

ಅವರೇ ಒಂದು ವಾರಾಂತ್ಯ ನನ್ನನ್ನು ಅಡುಗೆಮನೆ ಕೆಲಸಕ್ಕೆಂದು ಕೊರಿಮೀಲಾ ಎಂಬ ಶಾಂತಿ ಕೇಂದ್ರಕ್ಕೆ ಕರೆದುಕೊಂಡು ಹೋದರು. ಬ್ಯಾಲಿಕ್ಯಾಸಲ್ ಊರಿನ ಹತ್ತಿರ, ಕಡಲಿಗೆ ಮುಖಮಾಡಿದ ಜಾಗ. ರೇ ಡೇವಿ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ 1965ರಲ್ಲಿ ಶುರುಮಾಡಿದ್ದು. ಅವರು ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು, ಡ್ರೆಸ್ಡೆನ್ ಉರಿದದ್ದನ್ನು ಕಂಡು ಬಂದವರು. ಎರಡೂ ಕಡೆಯವರು ಒಂದೇ ಸೂರಿನಡಿ ಉಂಡು ಮಲಗಲಿ ಎಂಬುದು ಇಲ್ಲಿನ ಕ್ರಮ.

ಆ ಸಲ ಬಂದಿದ್ದವರು ಬೆಲ್‌ಫಾಸ್ಟ್‌ನ ಯುವಜನರ ಎರಡು ಗುಂಪಿನವರು, ಹದಿನೈದು ಹದಿನಾರರ ಹುಡುಗ ಹುಡುಗಿಯರು. ದುಂಡಗೆ ಕೂರಿಸಿ ಮಾತಾಡಿಸಿದಾಗ ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಂಡು ಕೂತರು. ಪಾಪ, ದೊಡ್ಡವರು ಪಕ್ಕದಲ್ಲಿದ್ದರೆ ಯಾವ ಮಕ್ಕಳು ಬಾಯಿ ಬಿಡುತ್ತಾರೆ?

ಊಟ ಆದ ಮೇಲೆ ಮುಸುರೆ ತೊಳೆಯುವ ಸರದಿ. ಲಸಾನ್ಯಾ ಮಾಡಿದ ಟ್ರೇ ತಳ ಹಿಡಿದು ಕರಕಲಾಗಿತ್ತು. ಒಬ್ಬ ತಿಕ್ಕುತ್ತಿದ್ದ, ಇನ್ನೊಬ್ಬ ಬಟ್ಟೆ ಹಿಡಿದು ಕಾಯುತ್ತಿದ್ದ. ತಿಕ್ಕುವವನ ಮನೆ ಶ್ಯಾಂಕಿಲ್‌ನಲ್ಲಿ, ಕಾಯುವವನದು ಸ್ಪ್ರಿಂಗ್‌ಫೀಲ್ಡ್ ರಸ್ತೆಯಲ್ಲಿ; ಮೊದಲನೆಯದು ಪ್ರೊಟೆಸ್ಟಂಟರ ಕೇರಿ, ಎರಡನೆಯದು ಕ್ಯಾಥೊಲಿಕ್ಕರದು. ನಡೆದರೆ ಹತ್ತಿರವೇ. ಮಧ್ಯೆ ಎತ್ತರದ ಗೋಡೆ, ಲ್ಯಾನಾರ್ಕ್ ವೇಯಲ್ಲಿ ಒಂದು ಗೇಟು. ರಾತ್ರಿ ಅದನ್ನು ಮುಚ್ಚುತ್ತಾರೆ. 1998ರ ಶಾಂತಿ ಒಪ್ಪಂದ ಆಗಿ ಇಷ್ಟು ವರ್ಷವಾದರೂ!

2021ರ ಏಪ್ರಿಲ್‌ನಲ್ಲಿ ಆ ಗೇಟಿನ ಹತ್ತಿರ ಬಸ್ಸು ಸುಟ್ಟಿದ್ದರು, ಆಚೆ ಈಚೆ ಪೆಟ್ರೋಲ್ ಬಾಂಬು ಹಾರಿದ್ದವು.

"ಆವತ್ತು ನೀನು ಹೋಗಿದ್ದೆಯಾ?" ಬಟ್ಟೆ ಹಿಡಿದವನು ಕೇಳಿದ.

"ಅಣ್ಣ ಹೋಗಿದ್ದ. ನಾನು ಸುಮ್ನೆ ನೋಡ್ತಾ ನಿಂತಿದ್ದೆ. ನೀನು?"

"ನಾನೂ ಅಷ್ಟೇ. ನಿಮ್ಮ ಕಡೆಯವರೇ ಮೊದಲು ಎಸೆದದ್ದು."

"ಇಲ್ಲಪ್ಪ, ನಿಮ್ಮವರು."

ನಾನು ಬೇಕಂತಲೇ ಚಮಚ ಎಣಿಸುತ್ತಾ ಅಲ್ಲೇ ಉಳಿದೆ. ವಾದ ಜೋರಾಯಿತು, ಆದರೆ ಟ್ರೇ ಕೈಬಿಡಲಿಲ್ಲ. ಕೊನೆಗೆ ಇಬ್ಬರೂ ಸೇರಿ ಅಡುಗೆಯವರನ್ನು ಬೈದರು.

ಇಂಥ ಪ್ರಯತ್ನಗಳು ಹಳೆಯವು. 1975ರಲ್ಲಿ ನ್ಯೂಯಾರ್ಕಿನ ಪೊಲೀಸ್ ಅಧಿಕಾರಿ ಡೆನಿಸ್ ಮಲ್ಕಾಹಿ ಶುರುಮಾಡಿದ 'ಪ್ರಾಜೆಕ್ಟ್ ಚಿಲ್ಡ್ರನ್' ಎರಡೂ ಕಡೆಯ ಸಾವಿರಾರು ಮಕ್ಕಳನ್ನು ಬೇಸಿಗೆಗೆ ಅಮೆರಿಕದ ಮನೆಗಳಿಗೆ ಕರೆದೊಯ್ದಿತು. ಅಲ್ಲಿ ಸ್ನೇಹ ಆಗುವುದೇನೂ ಕಷ್ಟವಲ್ಲ, ಬಿಡಿ. ಕಷ್ಟ ಇರುವುದು ಸೋಮವಾರ ಬೆಳಿಗ್ಗೆ. ಇವನು ಒಂದು ಶಾಲೆಗೆ, ಅವನು ಇನ್ನೊಂದಕ್ಕೆ. ಎರಡೂ ಕಡೆಯವರು ಕೂಡಿ ಓದುವ ಮೊದಲ ಶಾಲೆ ಲಗಾನ್ ಕಾಲೇಜು 1981ರಲ್ಲೇ 28 ಮಕ್ಕಳೊಂದಿಗೆ ಬಾಗಿಲು ತೆರೆದಿತ್ತು. ಇವತ್ತಿಗೂ ಅಂಥ ಶಾಲೆಗಳಿಗೆ ಹೋಗುವವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ವಾರಾಂತ್ಯದ ಶಿಬಿರಕ್ಕೆ ಹಣ ಕೊಟ್ಟಷ್ಟೇ ಉಮೇದಿನಲ್ಲಿ ಈ ಶಾಲೆಗಳನ್ನೂ ಬೆಳೆಸಬೇಕಿತ್ತು ಅಂತ ನನಗೆ ಜಾಸ್ತಿ ಅನಿಸಿದ್ದು ವಾಪಸ್ ಬರುವ ಬಸ್ಸಿನಲ್ಲಿ.

ನನ್ನ ಹಿಂದಿನ ಸೀಟಿನಲ್ಲಿ ಅವರಿಬ್ಬರೂ ಶನಿವಾರ ಎಲ್ಲಿ ಸಿಗೋಣ ಅಂತ ಚೌಕಾಸಿ ಮಾಡುತ್ತಿದ್ದರು. ನಿಮ್ಮ ಬೀದಿ ಬೇಡ, ನಮ್ಮದೂ ಬೇಡ. ಊರ ನಡುವಿನ ಸಿಟಿ ಹಾಲ್ ಮುಂದೆ ಆಗಬಹುದು ಅಂತ ಕೊನೆಗೆ ಒಪ್ಪಿದರು. ಉಳಿದದ್ದು ಫುಟ್‌ಬಾಲ್ ಒಂದೇ: ಕ್ಯಾಥೊಲಿಕ್ಕರ ಮೆಚ್ಚಿನ ತಂಡ ಸೆಲ್ಟಿಕ್, ಪ್ರೊಟೆಸ್ಟಂಟರದು ರೇಂಜರ್ಸ್.

"ಆ ಸೆಲ್ಟಿಕ್ ಜೆರ್ಸಿ ಮಾತ್ರ ಹಾಕ್ಕೊಂಡು ಬರಬೇಡ ಮಾರಾಯ."

"ಸರಿ. ನೀನು ರೇಂಜರ್ಸ್ ಟೋಪಿ ಮನೇಲಿಟ್ಟು ಬಾ."