ಸಂಜೆ ಬೂಟ್ ಆಗುತ್ತೆ, ಬೆಳಿಗ್ಗೆ ಆಗಲ್ಲ

ಸಿಕ್ಕಿತು. ಕಂಪ್ಯೂಟರ್ ಬೆಳಿಗ್ಗೆ ಬೂಟ್ ಆಗದೆ (ಏಳದೆ) ಮೂರು ದಿನ ತಲೆ ತಿಂದ ತೊಂದರೆಯ ಬುಡ ಕೊನೆಗೂ ಸಿಕ್ಕಿತು. ಮರೆಯುವ ಮೊದಲು ಎಲ್ಲ ಬರೆದಿಡುತ್ತೇನೆ.

ಯಂತ್ರ ಯಾವುದು ಅಂತ ಮೊದಲು ಹೇಳುತ್ತೇನೆ. ಆಫೀಸುಗಳಲ್ಲಿ ಮೇಜಿನ ಮೇಲೆ ಮಲಗಿಸಿ ಇಡುವ ಸಣ್ಣ ಡೆಸ್ಕ್‌ಟಾಪ್. ಇಂಟೆಲ್ ಐ5-4590 ಪ್ರೊಸೆಸರ್, 8 ಜಿಬಿ ರ‍್ಯಾಮ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎಸ್‌ಎಸ್‌ಡಿ ಮಾತ್ರ ಹೊಸದು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪನಿಗೆ ಅಂತ ಇದನ್ನು ಕಟ್ಟುತ್ತಿದ್ದೇನೆ. ಅಪ್ಪ ಎಷ್ಟೋ ವರ್ಷದಿಂದ ಮಳೆ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಬಂದಿದ್ದಾರೆ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು, ಮುಂದಿನದನ್ನು ಅವರೇ ಕನ್ನಡದಲ್ಲಿ ಟೈಪ್ ಮಾಡಬೇಕು. ಯೋಜನೆ ಅಷ್ಟೇ.

ಶಿವಮೊಗ್ಗದ ನನ್ನ ರೂಮಿನಲ್ಲಿ ಡೆಬಿಯನ್ 13 ಅನ್ನುವ ಲಿನಕ್ಸ್ ಹಾಕಿದೆ. ಡಿಸ್ಕ್ ಹಂಚಿಕೆ ಜಿಪಿಟಿ, ಫೈಲ್ ವ್ಯವಸ್ಥೆ ಇಎಕ್ಸ್‌ಟಿ4, ಬೂಟ್ ಆಗೋದು ಯುಇಎಫ್‌ಐ ಅನ್ನುವ ಹೊಸ ರೀತಿಯಲ್ಲಿ (ಹಳೆ ರೀತಿಗೆ ಲೆಗಸಿ ಅಂತಾರೆ). ಆ ಹಂತಗಳು ನಿಮಗೆಲ್ಲ ಗೊತ್ತಿರೋದೇ, ಬರೆಯಲ್ಲ. ಹತ್ತು ದಿನ ಚೆನ್ನಾಗಿ ನಡೆಯಿತು. ದಿನಕ್ಕೆ ನಾಲ್ಕು ಸಲ ರೀಬೂಟ್ ಮಾಡಿದ್ದೇನೆ, ಒಂದು ದಿನವೂ ತಕರಾರು ಇಲ್ಲ. ಒಂದು ವಿಷಯ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಯಂತ್ರ ತಂದ ದಿನ ಸೆಟಪ್‌ನಲ್ಲಿ (ಆನ್ ಮಾಡುವಾಗ ತೆರೆಯುವ ಯಂತ್ರದ ಸೆಟ್ಟಿಂಗ್ ಪರದೆ) ತಾರೀಕು 2014ನೇ ಇಸವಿ ತೋರಿಸುತ್ತಿತ್ತು. ಗೋಡೌನ್‌ನಲ್ಲಿ ಬಿದ್ದಿದ್ದ ಯಂತ್ರ ತಾನೇ ಅಂತ ಸರಿಮಾಡಿ ಮುಂದೆ ಹೋದೆ.

ಶನಿವಾರ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಊರಿಗೆ ತಂದೆ. ಜಗುಲಿಯಲ್ಲಿ ಮೇಜು ಹಾಕಿ, ಅಪ್ಪನನ್ನು ಕೂರಿಸಿ, ಬಟನ್ ಒತ್ತಿದೆ. ಕಪ್ಪು ಪರದೆ, ಒಂದೇ ಸಾಲು: ನೋ ಬೂಟಬಲ್ ಡಿವೈಸ್ ಫೌಂಡ್. ಬೂಟ್ ಆಗುವ ಡಿಸ್ಕೇ ಸಿಗಲಿಲ್ಲ ಅಂತ.

ರಸ್ತೆಯ ಕುಲುಕಾಟಕ್ಕೆ ಡಿಸ್ಕಿನ ಸಾಟಾ ಕೇಬಲ್ ಸಡಿಲ ಆಗಿರಬೇಕು ಅಂದುಕೊಂಡೆ. ಬಿಚ್ಚಿದೆ, ಕಿತ್ತು ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ಅಮ್ಮ ಅಡುಗೆಮನೆಯಿಂದಲೇ ಹೇಳಿದರು, "ಹೊಸ ಕರು ಕೊಟ್ಟಿಗೆಗೆ ಒಗ್ಗೋಕೆ ನಾಲ್ಕು ದಿನ ಬೇಕು ಮಾರಾಯಾ, ಅದನ್ನ ಸ್ವಲ್ಪ ಬಿಡು." ಅಪ್ಪ ನಗುತ್ತಾ ತೋಟಕ್ಕೆ ಹೋದರು.

ನನಗೊಂದು ರೂಢಿ ಇದೆ. ಬೂಟ್ ತೊಂದರೆ ಬಂದರೆ ಮೊದಲು ಸೆಟಪ್‌ಗೆ ಹೋಗಿ ಲೋಡ್ ಡಿಫಾಲ್ಟ್ಸ್ ಕೊಡುವುದು (ಎಲ್ಲ ಸೆಟ್ಟಿಂಗ್ ಮೂಲ ಸ್ಥಿತಿಗೆ ಬರುತ್ತೆ). ಆಮೇಲೆ ನನ್ನ ಸೆಟ್ಟಿಂಗ್ ಹಾಕುವುದು: ಯುಇಎಫ್‌ಐ, ಡಿಸ್ಕಿಗೆ ಎಎಚ್‌ಸಿಐ ಮೋಡ್, ಸೆಕ್ಯೂರ್ ಬೂಟ್ ಆಫ್. ಆಮೇಲೆ ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಲಿನಕ್ಸ್ ಏರಿಸಿ, ಪಾರ್ಟಿಷನ್ ಮೌಂಟ್ ಮಾಡಿ, ಸಿಎಚ್‌ರೂಟ್ ಮೂಲಕ ಡಿಸ್ಕಿನ ಡೆಬಿಯನ್ ಒಳಗೆ ಹೋಗಿ ಗ್ರಬ್-ಇನ್‌ಸ್ಟಾಲ್ (ಗ್ರಬ್ ಅಂದರೆ ಲಿನಕ್ಸ್ ಏರಿಸುವ ಬೂಟ್‌ಲೋಡರ್). ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಅಭ್ಯಾಸ. ಅದನ್ನೇ ಮಾಡಿದೆ. ಡಿಸ್ಕ್ ಚೆನ್ನಾಗಿತ್ತು, ಅದನ್ನು ತಪಾಸಣೆ ಮಾಡುವ ಎಫ್‌ಎಸ್‌ಸಿಕೆ ಒಂದು ತಪ್ಪನ್ನೂ ತೋರಿಸಲಿಲ್ಲ, ಗ್ರಬ್ ಕೂಡ ದೂರಿಲ್ಲದೆ ಕೂತಿತು. ರೀಬೂಟ್ ಮಾಡಿದರೆ ನೆಟ್ಟಗೆ ಲಾಗಿನ್ ಪರದೆಗೆ ಬಂತು. ಸಂಜೆ ಅಪ್ಪ ತಮ್ಮ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ನೋಡಿದರು. ಒತ್ತಕ್ಷರ ಸರಿಯಾಗಿ ಬಂದಿದ್ದು ನೋಡಿ ಅವರ ಮುಖ ಅರಳಿತು.

ಭಾನುವಾರ ಬೆಳಿಗ್ಗೆ ಮತ್ತೆ ಅದೇ ಸಾಲು.

ಈ ಸಲ ಬೇರೆ ಅನುಮಾನ ಬಂತು. ಯುಇಎಫ್‌ಐ ಯಂತ್ರಗಳಲ್ಲಿ ಯಾವ ಬೂಟ್‌ಲೋಡರ್ ಎಲ್ಲಿದೆ ಅನ್ನುವ ಪಟ್ಟಿ ಮದರ್‌ಬೋರ್ಡಿನ ಮೆಮೊರಿ ಆದ ಎನ್‌ವಿರ‍್ಯಾಮ್‌ನಲ್ಲಿ ಇರುತ್ತೆ. ಕೆಲವು ಫರ್ಮ್‌ವೇರ್‌ಗಳಿಗೆ (ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ವಿಂಡೋಸ್ ಅಲ್ಲದ ಹೆಸರು ಕಂಡರೆ ಆಗಲ್ಲ, ಅಳಿಸಿಹಾಕುತ್ತವೆ ಅಥವಾ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ. ಇದೂ ಅದೇ ಜಾತಿ ಇರಬೇಕು ಅಂದುಕೊಂಡೆ. ಇದಕ್ಕೆ ಮದ್ದು ಗೊತ್ತಿದೆ ಅಲ್ವಾ? ಗ್ರಬ್-ಇನ್‌ಸ್ಟಾಲ್‌ಗೆ ರಿಮೂವಬಲ್ ಅನ್ನುವ ಆಯ್ಕೆ ಕೊಟ್ಟರೆ ಇಎಫ್‌ಐ ಪಾರ್ಟಿಷನ್‌ನ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಅನ್ನುವ ಹೆಸರಿನಲ್ಲಿ ಗ್ರಬ್ ಕೂರುತ್ತೆ. ಪಟ್ಟಿಯಲ್ಲಿ ಏನೂ ಇಲ್ಲದಿದ್ದರೂ ಫರ್ಮ್‌ವೇರ್ ಆ ಹೆಸರನ್ನು ಹುಡುಕಬೇಕು, ನಿಯಮವೇ ಹಾಗಿದೆ. ಮತ್ತೆ ನನ್ನ ರೂಢಿಯ ಎಲ್ಲ ಹಂತ ಮಾಡಿ, ಕೊನೆಗೆ ಇದನ್ನೂ ಸೇರಿಸಿದೆ. ಬೂಟ್ ಆಯಿತು. ಐದು ಸಲ ರೀಬೂಟ್ ಮಾಡಿದೆ, ಐದೂ ಸಲ ಬಂತು. ಪವರ್ ಆಫ್ ಮಾಡಿ ಆನ್ ಮಾಡಿದೆ, ಬಂತು. ಗೆದ್ದೆ ಅಂತ ಅಪ್ಪನಿಗೆ ಹೇಳಿ ಮಲಗಿದೆ.

ರಾತ್ರಿ ಜೋರು ಗುಡುಗು ಮಳೆ. ಕೃತ್ತಿಕೆ ಮಳೆ, ಮೇ ತಿಂಗಳಲ್ಲಿ ನಮ್ಮ ಕಡೆ ಗಾಳಿ ಸಿಡಿಲು ಎಲ್ಲ ಒಟ್ಟಿಗೇ ಬರುತ್ತೆ.

ಸೋಮವಾರ ಬೆಳಿಗ್ಗೆ ಮತ್ತೆ ನೋ ಬೂಟಬಲ್ ಡಿವೈಸ್. ನಿಜ ಹೇಳುತ್ತೇನೆ, ಮೇಜಿನ ಮುಂದೆ ಸುಮ್ನೆ ಕೂತುಬಿಟ್ಟೆ. ಡೆಬಿಯನ್ ತೆಗೆದು ಬೇರೆ ಲಿನಕ್ಸ್ ಹಾಕೋಣ ಅನ್ನುವವರೆಗೆ ಹೋಗಿದ್ದೆ. ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡಬೇಕಿತ್ತು. ಹಾಗಾಗಿ ಈ ಸಲ ಸೆಟಪ್ ಕಡೆ ಹೋಗದೆ ನೇರವಾಗಿ ಎಫ್12 ಒತ್ತಿ ಪೆನ್‌ಡ್ರೈವ್ ಏರಿಸಿದೆ. ಸಿಎಚ್‌ರೂಟ್, ಗ್ರಬ್-ಇನ್‌ಸ್ಟಾಲ್. ಆಗ ಹೊಸ ಮಾತೊಂದು ಬಂತು: ಇಎಫ್‌ಐ ವೇರಿಯಬಲ್ಸ್ ಆರ್ ನಾಟ್ ಸಪೋರ್ಟೆಡ್ ಆನ್ ದಿಸ್ ಸಿಸ್ಟಮ್. ಯುಇಎಫ್‌ಐ ಪಟ್ಟಿಯನ್ನು ಇಲ್ಲಿಂದ ಮುಟ್ಟಲು ಆಗಲ್ಲ ಅಂತ.

ನಿನ್ನೆ ಸಂಜೆ ಇದೇ ಪೆನ್‌ಡ್ರೈವ್, ಇದೇ ಪೋರ್ಟ್, ಇದೇ ಕಮಾಂಡ್. ನಿನ್ನೆ ಇದ್ದ ಇಎಫ್‌ಐ ಇವತ್ತು ಎಲ್ಲಿ ಹೋಯಿತು? ಸಿಸ್ ಒಳಗಿನ ಫರ್ಮ್‌ವೇರ್ ಡೈರೆಕ್ಟರಿ ನೋಡಿದೆ. ಯುಇಎಫ್‌ಐನಲ್ಲಿ ಎದ್ದಿದ್ದರೆ ಇರಬೇಕಾದ ಎಫಿ ಅನ್ನುವ ಡೈರೆಕ್ಟರಿಯೇ ಇಲ್ಲ. ಅಂದರೆ ಲೈವ್ ಪೆನ್‌ಡ್ರೈವ್ ಲೆಗಸಿ ಮೋಡ್‌ನಲ್ಲಿ ಎದ್ದಿತ್ತು. ಈಗಿನ ಇಮೇಜ್‌ಗಳು ಎರಡೂ ದಾರಿಯಲ್ಲಿ ಏಳುತ್ತವೆ, ಯಾವುದರಲ್ಲಿ ಎದ್ದಿತು ಅಂತ ನಾವಾಗಿ ನೋಡದಿದ್ದರೆ ಗೊತ್ತೇ ಆಗಲ್ಲ.

ಅಲ್ಲಿ ನಿಂತೆ. ಬಸ್ ಬಿಟ್ಟರೂ ಪರವಾಗಿಲ್ಲ ಅಂತ ಒಂದು ಹಾಳೆ, ಪೆನ್ನು ತಗೊಂಡು ಸೆಟಪ್‌ಗೆ ಹೋದೆ. ಏನನ್ನೂ ಮುಟ್ಟಲಿಲ್ಲ. ಕಂಡಿದ್ದನ್ನು ಮಾತ್ರ ಬರೆದುಕೊಂಡೆ. ಬೂಟ್ ಮೋಡ್ ಲೆಗಸಿ. ಸಾಟಾ ರೇಡ್ (ಹಲವು ಡಿಸ್ಕ್ ಜೋಡಿಸಿ ಬಳಸುವ ಮೋಡ್). ತಾರೀಕು 2014, ಜನವರಿ 1.

ನಾನು ಪ್ರತಿ ಸಲ ಒಳಗೆ ಹೋದ ಕೂಡಲೇ ಲೋಡ್ ಡಿಫಾಲ್ಟ್ಸ್ ಒತ್ತುತ್ತಿದ್ದೆ. ಯಂತ್ರ ಆಗಲೇ ತಾನಾಗಿ ಡಿಫಾಲ್ಟ್‌ಗೆ ಬಂದು ಕೂತಿತ್ತು! ನಾನು ಒತ್ತಿದ್ದರಿಂದ ಲೆಗಸಿ ಬಂತು ಅಂತ ತಿಳಿದು ಯುಇಎಫ್‌ಐ ಮಾಡುತ್ತಿದ್ದೆ. ಬೂಟ್ ಆಗುತ್ತಿದ್ದಿದ್ದು ಆ ಒಂದು ಬದಲಾವಣೆಯಿಂದ. ಗ್ರಬ್ ಮತ್ತೆ ಹಾಕಿದ್ದು, ರಿಮೂವಬಲ್ ಕೊಟ್ಟಿದ್ದು, ಯಾವುದೂ ಬೇಕಿರಲಿಲ್ಲ. ಜಿಪಿಟಿ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಬೂಟ್ ಕೋಡ್ ಇರಲಿಲ್ಲ, ಹಾಗಾಗಿ ಲೆಗಸಿ ಮೋಡ್‌ಗೆ ಅದು ಬರೀ ಖಾಲಿ ಡಿಸ್ಕ್. ನೋ ಬೂಟಬಲ್ ಡಿವೈಸ್ ಅನ್ನುವುದು ಅದರ ಕಣ್ಣಿಗೆ ನಿಜವೇ.

ರೇಡ್ ವಿಷಯ ಒಂದು ಮಾತು. ಅದನ್ನು ನೋಡಿ ಮೊದಲು ನನ್ನ ಎದೆ ಧಸಕ್ಕೆಂದಿತು. ಎನ್‌ವಿಎಂಇ ಅನ್ನುವ ಹೊಸ ಬಗೆಯ ಡಿಸ್ಕ್ ಇರುವ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ರೇಡ್ ಆನ್ ಇದ್ದರೆ ಎಷ್ಟೋ ಸಲ ಲಿನಕ್ಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಲ್ಲ. ಆದರೆ ಈ ತಲೆಮಾರಿನ ಸಾಟಾ ಡಿಸ್ಕುಗಳಿಗೆ ಆ ಭಯ ಇಲ್ಲ. ಲಿನಕ್ಸ್ ಕರ್ನಲ್‌ನ ಎಎಚ್‌ಸಿಐ ಡ್ರೈವರ್ ಇಂಟೆಲ್‌ನ ರೇಡ್ ಐಡಿಯನ್ನೂ ಗುರುತಿಸುತ್ತೆ. ರೇಡ್‌ನಲ್ಲೇ ಬಿಟ್ಟು, ಬೂಟ್ ಮೋಡ್ ಮಾತ್ರ ಬದಲಿಸಿ ನೋಡಿದೆ. ಡೆಬಿಯನ್ ಎದ್ದಿತು.

ಸರಿ, ಸೆಟ್ಟಿಂಗ್ ಮರೆಯುತ್ತಿದೆ. ಆದರೆ ರಾತ್ರಿ ಮಾತ್ರ ಯಾಕೆ? ಉತ್ತರ ಅಮ್ಮನ ಹತ್ತಿರ ಇತ್ತು.

"ರಾತ್ರಿ ಪ್ಲಗ್ ಯಾರಾದ್ರೂ ತೆಗೆದ್ರಾ ಅಮ್ಮಾ?"

"ನಾನೇ ತೆಗೆದೆ. ದಿನಾ ತೆಗೀತೀನಿ. ಗುಡುಗು ಬರೋ ಕಾಲದಲ್ಲಿ ಟಿವಿ, ಫೋನು ಎಲ್ಲಾ ಕಿತ್ತಿಡಬೇಕು ಅಂತ ನಿಂಗೆ ಗೊತ್ತಿಲ್ವೇನೋ?"

ಗೊತ್ತಿಲ್ಲದೆ ಏನು, ಮಲೆನಾಡಿನಲ್ಲಿ ಹುಟ್ಟಿದವನು. ಸಿಡಿಲಿಗೆ ಸುಟ್ಟ ಮೋಡೆಮ್ ನಮ್ಮ ಅಟ್ಟದಲ್ಲಿ ಇನ್ನೂ ಇದೆ. ಅಮ್ಮ ಮಾಡಿದ್ದೇ ಸರಿ.

ಯಂತ್ರ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಪವರ್ ಸಪ್ಲೈ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತೆ. ಗಡಿಯಾರ ಮತ್ತು ಸೆಟ್ಟಿಂಗ್ ಇಟ್ಟುಕೊಳ್ಳುವ ಸಿಮಾಸ್ ಆ ಕರೆಂಟಿನಲ್ಲಿ ಬದುಕುತ್ತೆ. ಪ್ಲಗ್ ಕಿತ್ತ ಮೇಲೆ ಅದನ್ನು ಹಿಡಿದಿಡುವುದು ಮದರ್‌ಬೋರ್ಡಿನ ಬಿಲ್ಲೆ ಸೆಲ್ ಒಂದೇ. ಶಿವಮೊಗ್ಗದ ರೂಮಿನಲ್ಲಿ ನಾನು ಪ್ಲಗ್ ಕಿತ್ತೇ ಇರಲಿಲ್ಲ. ಹಾಗಾಗಿ ಹತ್ತು ದಿನ ಎಲ್ಲ ಸರಿ ಇತ್ತು. ಶನಿವಾರ ಊರಿಗೆ ತರುವಾಗ ನಾನೇ ಕಿತ್ತೆ, ಇಲ್ಲಿ ರಾತ್ರಿ ಅಮ್ಮ ಕಿತ್ತರು, ಬೆಳಿಗ್ಗೆ ಸತ್ತಿತು. ತಾರೀಕು ತಪ್ಪಿದ್ದು ಡೆಸ್ಕ್‌ಟಾಪ್‌ನಲ್ಲಿ ಕಾಣಲಿಲ್ಲ ಯಾಕೆಂದರೆ ಮೊಬೈಲ್ ಹಾಟ್‌ಸ್ಪಾಟ್ ಸಿಕ್ಕ ಕೂಡಲೇ ಲಿನಕ್ಸ್ ನೆಟ್‌ನಿಂದ ಸಮಯ ತಿದ್ದಿಕೊಳ್ಳುತ್ತಿತ್ತು. ಗಡಿಯಾರ ಸರಿ ಇಲ್ಲ ಅಂತ ಬೂಟ್ ಹೊತ್ತಿನಲ್ಲಿ ಫರ್ಮ್‌ವೇರ್ ಒಂದು ಸಾಲು ತೋರಿಸುತ್ತೆ, ಅದೂ ಎರಡೇ ಸೆಕೆಂಡ್. ನನ್ನ ಹಳೆ ಮಾನಿಟರ್ ಎಚ್ಚರ ಆಗುವಷ್ಟರಲ್ಲಿ ಆ ಸಾಲು ಹೋಗಿರುತ್ತಿತ್ತು. ಆಮೇಲೆ ಟಿವಿಗೆ ಜೋಡಿಸಿದಾಗ ಕಣ್ಣಿಗೆ ಬಿತ್ತು.

ಅನುಮಾನ ಉಳಿಯಬಾರದು ಅಂತ ಪರೀಕ್ಷೆ ಮಾಡಿದೆ. ಯುಇಎಫ್‌ಐ ಹಾಕಿ ಆಫ್ ಮಾಡಿ, ಪ್ಲಗ್ ಇದ್ದ ಹಾಗೇ ಒಂದು ಗಂಟೆ ಬಿಟ್ಟೆ. ಬೂಟ್ ಆಯಿತು. ಆಫ್ ಮಾಡಿ, ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟೆ. ಲೆಗಸಿ, 2014. ಇನ್ನೆರಡು ಸಲ ಮಾಡಿದೆ, ಎರಡೂ ಸಲ ಹಾಗೇ. ಚೆಂದದ ವಿಷಯ ಏನೆಂದರೆ, ಯುಇಎಫ್‌ಐ ಮತ್ತೆ ಹಾಕಿ ಬೂಟ್ ಪಟ್ಟಿ ತೋರಿಸುವ ಎಫಿಬೂಟ್‌ಎಂಜಿಆರ್ ಓಡಿಸಿದರೆ ಡೆಬಿಯನ್ ಹೆಸರು ಪಟ್ಟಿಯಲ್ಲಿ ಹಾಗೇ ಇತ್ತು. ಆ ಪಟ್ಟಿ ಫ್ಲ್ಯಾಶ್ ಚಿಪ್‌ನಲ್ಲಿ ಇರುತ್ತೆ, ಅದಕ್ಕೆ ಸೆಲ್ ಬೇಕಿಲ್ಲ. ಭಾನುವಾರ ಫರ್ಮ್‌ವೇರ್ ಮೇಲೆ ನಾನು ಹೊರಿಸಿದ್ದ ಅಪವಾದ ಪೂರ್ತಿ ಸುಳ್ಳು.

ಸೆಲ್ ಹುಡುಕಲು ಡಿಸ್ಕ್ ಕೂತಿರುವ ತಟ್ಟೆಯನ್ನೇ ಎತ್ತಬೇಕು. ಅದರ ಕೆಳಗೆ, ಫ್ಯಾನಿನ ಪಕ್ಕ, ಧೂಳಿನ ಪದರದಡಿ ಸಿಆರ್2032 ಬಿಲ್ಲೆ ಸೆಲ್ ಕೂತಿತ್ತು. ಒಂದು ಬದಿಗೆ ತೆಳ್ಳನೆಯ ಲೋಹದ ನಾಲಿಗೆ. ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಬೋರ್ಡಿಗೆ ಗೀರಬಹುದು ಅಂತ ಹಿಡಿಕಡ್ಡಿ (ಪೊರಕೆ ಕಡ್ಡಿ) ಮುರಿದು ಅದರ ತುದಿಯಿಂದ ನಾಲಿಗೆ ಒತ್ತಿದೆ. ಟಕ್ ಅಂತ ಮೇಲೆದ್ದಿತು. ಅಂಚಿನಲ್ಲಿ ಬಿಳಿ ಪುಡಿ. ಮೀಟರ್ ಇಟ್ಟೆ: 1.18 ವೋಲ್ಟ್. ಹೊಸ ಸೆಲ್ 3 ವೋಲ್ಟಿಗಿಂತ ಸ್ವಲ್ಪ ಮೇಲೇ ತೋರಿಸಬೇಕು.

ಈಗ ಸೆಲ್ ಮಾರುವವರ ಮೇಲಿನ ಸಿಟ್ಟು. ನನ್ನ ಡಬ್ಬಿಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದ ಐದು ಸಿಆರ್2032ಗಳ ಸ್ಟ್ರಿಪ್ ಇತ್ತು, ಸೀಲ್ ಒಡೆದಿರಲಿಲ್ಲ. ಅಳೆದರೆ ಒಂದೂ 2.6 ದಾಟಲಿಲ್ಲ, ಒಂದು ಬರೀ 1.9. ಹೊಚ್ಚ ಹೊಸದು ಅಂತ ಬರೆದು ಸತ್ತ ಸರಕು ಕಳಿಸುತ್ತಾರೆ. ಇಂಥ ಸೆಲ್ ಹಾಕಿ ಮುಚ್ಚಿದ್ದರೆ ಮಳೆಗಾಲದ ಮಧ್ಯೆ ಅಪ್ಪ ಮತ್ತೆ ಕಪ್ಪು ಪರದೆ ಮುಂದೆ ಕೂರಬೇಕಿತ್ತು. ಸಣ್ಣ ಮಾಲು ಅಂತ ಯಾರೂ ವಾಪಸ್ ಕೇಳಲ್ಲ, ಅವರಿಗೂ ಅದು ಗೊತ್ತು.

ತೀರ್ಥಹಳ್ಳಿ ಪೇಟೆಗೆ ಹೋದೆ. ಎರಡು ಅಂಗಡಿಯಲ್ಲಿ ಇಲ್ಲ ಅಂದರು. ಮೂರನೆಯದು ವಾಚ್ ರಿಪೇರಿ ಅಂಗಡಿ. "ಯಾವ್ದಕ್ಕೆ ಶೆಲ್ಲು, ಕಾರಿನ ರಿಮೋಟಿಗಾ?" ಅಂದರು. ಕಂಪ್ಯೂಟರಿಗೆ ಅಂದೆ. ಡ್ರಾಯರ್‌ನಿಂದ ಒಂದು ತೆಗೆದು, ಟೆಸ್ಟರ್ ಇಟ್ಟು, ತಲೆ ಅಲ್ಲಾಡಿಸಿ ಪಕ್ಕಕ್ಕೆ ಹಾಕಿದರು. ಇನ್ನೊಂದು ತೆಗೆದರು, 3.26. ಕೈಗೆ ಕೊಡುವ ಮೊದಲು ಒಣ ಬಟ್ಟೆಯಲ್ಲಿ ಒರೆಸಿದರು. ಬೆರಳಿನ ಎಣ್ಣೆ ಅಂಟಬಾರದಂತೆ. 40 ರೂಪಾಯಿ. ಕೆಲಸ ಅಂದರೆ ಹೀಗಿರಬೇಕು. ಇನ್ನು ಮೇಲೆ ನನ್ನ ಸೆಲ್ ಎಲ್ಲ ಅವರ ಹತ್ತಿರವೇ.

ಆ ಐದು ಸೆಲ್ ತರಿಸಿದ್ದು ಮುಂದಿನ ಯೋಜನೆಗೆ, ಮಳೆ ಮಾಪಕಕ್ಕೆ. ಎರಡು ಬಟ್ಟಲು ತಕ್ಕಡಿಯ ಹಾಗೆ ಸರದಿಯಲ್ಲಿ ತುಂಬಿ ವಾಲುವ ಜಾತಿ. ಒಂದು ಸಲ ವಾಲಿದರೆ 0.2794 ಮಿಲಿಮೀಟರ್ ಮಳೆ. ಅಪ್ಪನ ಲೆಕ್ಕ ಇಂಚಿನಲ್ಲಿ, ಹಾಗಾಗಿ ಸುಮಾರು 91 ಸಲ ವಾಲಿದರೆ ಒಂದು ಇಂಚು. ಎಣಿಸಲು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಸಮಯಕ್ಕೆ ಡಿಎಸ್3231 ಗಡಿಯಾರ ಚಿಪ್ ಇರುವ ನೀಲಿ ಮಾಡ್ಯೂಲ್. ಅದರಲ್ಲೂ ಇದೇ ಅಳತೆಯ ಸೆಲ್! ಈ ಮಾಡ್ಯೂಲ್ ಬಳಸುವವರು ಗಮನಿಸಿ. ಅದರ ಮೇಲೆ ಚಾರ್ಜಿಂಗ್ ಸರ್ಕ್ಯೂಟ್ ಇದೆ, ರೀಚಾರ್ಜ್ ಆಗುವ ಎಲ್‌ಐಆರ್2032ಗೆ ಅಂತ ಮಾಡಿದ್ದು. ಸಾಮಾನ್ಯ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬಿ ಸೋರಬಹುದು. ನಾನು 3.3 ವೋಲ್ಟೇ ಕೊಡೋದು, ಆದರೂ 201 ಅಂತ ಬರೆದಿರುವ ಆ ಪುಟ್ಟ ರೆಸಿಸ್ಟರ್ ಕಿತ್ತು ಹಾಕುತ್ತೇನೆ. ಅಪ್ಪನ ಇನ್ನೊಂದು ಬೇಡಿಕೆ ಇದೆ. ತಿಂಗಳ ಮೊತ್ತ ಬೇಡ, ರೋಹಿಣಿ, ಮೃಗಶಿರ, ಆರಿದ್ರ ಅಂತ ಮಳೆ ನಕ್ಷತ್ರದ ಲೆಕ್ಕದಲ್ಲೇ ಬೇಕು. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಪಂಚಾಂಗದ ತಾರೀಕುಗಳನ್ನು ಒಂದು ಫೈಲಿನಲ್ಲಿ ಹಾಕಿದರೆ ಆಯಿತು. ನನಗೆ ಈ ಭಾಗದ ಮೇಲೇ ಆಸೆ ಜಾಸ್ತಿ.

ಮತ್ತೆ ಡೆಸ್ಕ್‌ಟಾಪ್‌ಗೆ. ಹೊಸ ಸೆಲ್ ಹಾಕಿದೆ, ಪ್ಲಸ್ ಮೇಲೆ. ಯುಇಎಫ್‌ಐ, ಎಎಚ್‌ಸಿಐ, ಇವತ್ತಿನ ತಾರೀಕು. ಪ್ಲಗ್ ಕಿತ್ತು ಊಟಕ್ಕೆ ಹೋದೆ. ಬಂದು ಬಟನ್ ಒತ್ತಿದರೆ ಗ್ರಬ್ ಮೆನು. ರಜೆ ಎರಡು ದಿನ ಹೆಚ್ಚಿಸಿ ಎರಡು ರಾತ್ರಿ ಕಾದೆ. ಎರಡೂ ರಾತ್ರಿ ಅಮ್ಮ ಪ್ಲಗ್ ಕಿತ್ತರು, ಎರಡೂ ಬೆಳಿಗ್ಗೆ ಅಪ್ಪನೇ ಆನ್ ಮಾಡಿ ಕೂತರು.

ಸೆಲ್ ಬದಲಿಸಿದ ತಾರೀಕನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದೆ. ಅಪ್ಪ ಅದನ್ನು ನೋಡಿ, ಒಳಗೆ ಅಂಟಿಸಿದರೆ ಯಾರಿಗೆ ಕಾಣುತ್ತೆ ಅಂದರು. ಪಂಪ್‌ಸೆಟ್‌ಗೆ ಬೇರಿಂಗ್ ಹಾಕಿಸಿದ್ದು, ಸ್ಪ್ರೇಯರ್‌ಗೆ ವಾಷರ್ ಹಾಕಿದ್ದು ಎಲ್ಲ ಬರೆದಿಡುವ ಒಂದು ಪುಟ ಅವರ ನೋಟ್‌ಬುಕ್‌ನ ಹಿಂದೆ ಇದೆ. ಅದರ ಕೆಳಗೆ ಬರೆದರು: ಕಂಪ್ಯೂಟರ್, ಶೆಲ್ಲು ಹೊಸದು.