ಫುಕುಶಿಮಾದ ಮೀನು ತಿನ್ನುತ್ತೀಯಾ ಎಂದು ಕೇಳುವವರಿಗೆ

ಜಪಾನಿನ ಫುಕುಶಿಮಾ ಪ್ರಾಂತ್ಯದ ಇವಾಕಿ ನಗರಕ್ಕೆ ಬಂದ ಮೇಲೆ ಊರಿನ ಕರೆಗಳಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ. ಕುಂದಾಪುರದ ಅತ್ತೆಯಂತೂ ‘ಅಲ್ಲಿಯ ಮೀನು ಮುಟ್ಟಬೇಡ ಮಾರಾಯ’ ಎನ್ನುತ್ತಾರೆ. ನಾನು ಮುಟ್ಟುತ್ತೇನೆ, ತಿನ್ನುತ್ತೇನೆ. ಮೀನು ಮತ್ತು ಕಡಲ ನೀರಿನಲ್ಲಿ ವಿಕಿರಣ ಅಳೆಯುವುದೇ ನನ್ನ ಕೆಲಸ; ಹಾಗಾಗಿ ಕಾರಣ ಹೇಳುವ ಹೊಣೆಯೂ ನನ್ನದೇ.

2011ರ ಮಾರ್ಚ್‌ನ ಸುನಾಮಿಯಲ್ಲಿ ಹಾನಿಗೊಂಡ ಇಲ್ಲಿನ ಅಣುಸ್ಥಾವರದಿಂದ ಕಡಲು ಸೇರಿದ್ದರಲ್ಲಿ ಇಂದಿಗೂ ನಾವು ಹುಡುಕುವುದು ಮುಖ್ಯವಾಗಿ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತುವನ್ನು. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 30 ವರ್ಷ. ಎರಡೇ ವರ್ಷಗಳ ಅರ್ಧಾಯುಷ್ಯದ ಸೀಸಿಯಂ-134 ಬಹುಪಾಲು ಕ್ಷಯಿಸಿದೆ. ಜಪಾನಿನ ಕಾನೂನಿನ ಮಿತಿ ಕಿಲೋಗೆ 100 ಬೆಕೆರೆಲ್ (ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವುದು). ಇಲ್ಲಿನ ಮೀನುಗಾರರ ಸಹಕಾರ ಸಂಘಗಳು ತಾವಾಗಿಯೇ ಅದನ್ನು 50ಕ್ಕೆ ಇಳಿಸಿಕೊಂಡಿವೆ. ತಮ್ಮ ಹೊಟ್ಟೆಪಾಡಿನ ಮೇಲೆ ಇಷ್ಟು ಬಿಗಿ ನಿಯಮ ಹಾಕಿಕೊಂಡ ಈ ಜನರನ್ನು ಕಂಡರೆ ನನಗೆ ಗೌರವ.

ಹಿರಾಮೆ ಎಂಬ, ನಮ್ಮ ನಂಗಿನಂತೆ ಚಪ್ಪಟೆಯಾದ ಮೀನು ಬಂತೆನ್ನಿ. ಮುಳ್ಳು, ಚರ್ಮ ಬಿಡಿಸಿ ಮಾಂಸವನ್ನು ಚೂರಿಯಿಂದ ಸಣ್ಣಗೆ ಕೊಚ್ಚುತ್ತೇವೆ. ಡಬ್ಬಿಯಲ್ಲಿ ಗಾಳಿ ಉಳಿಯದಂತೆ ಒತ್ತಿ ತುಂಬಿ, ತೂಗಿ, ದಪ್ಪ ಸೀಸದ ಗೂಡಿನೊಳಗೆ ಇಡುತ್ತೇವೆ. ಅಲ್ಲಿ ದ್ರವ ಸಾರಜನಕದಿಂದ ತಂಪಾಗಿಸಿದ, ಗಾಮಾ ಕಿರಣ ಹಿಡಿಯುವ ಜರ್ಮೇನಿಯಂ ಶೋಧಕವಿರುತ್ತದೆ. ಸೀಸಿಯಂ-137 ಇದ್ದರೆ ತೆರೆಯ ಮೇಲೆ, ಕಿರಣದ ಶಕ್ತಿ ತೋರುವ ಗೆರೆಯಲ್ಲಿ, 662 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಬಳಿ ಶಿಖರ ಏಳಬೇಕು. ಎಷ್ಟೋ ಸಲ ಅಲ್ಲಿ ಏನೂ ಏಳುವುದಿಲ್ಲ. 1461ರ ಬಳಿಯ ಶಿಖರ ಮಾತ್ರ ಎದ್ದುನಿಲ್ಲುತ್ತದೆ. ಅದು ಎಲ್ಲ ಮೀನಿನಲ್ಲೂ ಸಹಜವಾಗಿರುವ ಪೊಟ್ಯಾಸಿಯಂ-40. ಅದೂ ಕಾಣದಿದ್ದರೆ ಯಂತ್ರವನ್ನೇ ಅನುಮಾನಿಸಬೇಕು.

ನೀರಿನ ಕಥೆ ಬೇರೆ. 1950-60ರ ದಶಕಗಳ ಬಾಂಬ್ ಪರೀಕ್ಷೆಗಳಿಂದಾಗಿ ಅಪಘಾತಕ್ಕೂ ಮೊದಲೇ ಈ ಕಡಲಿನ ಸಾವಿರ ಲೀಟರಿನಲ್ಲಿ ಒಂದೆರಡು ಬೆಕೆರೆಲ್ ಸೀಸಿಯಂ-137 ಇತ್ತು. ಅಷ್ಟು ಕಡಿಮೆಯನ್ನು ಹಿಡಿಯಲು ಹತ್ತಾರು ಲೀಟರ್ ನೀರಿಗೆ ಆಮ್ಲ ಬೆರೆಸಿ, ಅಮೋನಿಯಂ ಫಾಸ್ಫೋಮಾಲಿಬ್ಡೇಟ್ ಎಂಬ ಹಳದಿ ಪುಡಿ ಹಾಕುತ್ತಾರೆ. ಸೀಸಿಯಂ ಅದಕ್ಕೆ ಅಂಟಿ ತಳಕ್ಕಿಳಿಯುತ್ತದೆ. ಆ ಗಸಿಯನ್ನು ಒಣಗಿಸಿ ದೀರ್ಘಕಾಲ ಎಣಿಸಬೇಕು. ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕಗಳಿಗೂ ಇಂಥದ್ದೇ ತಾಳ್ಮೆ ಬೇಕು, ಏಕೆಂದರೆ ಬಲೆ ಎಳೆದರೂ ಸಿಗುವುದು ಸ್ವಲ್ಪವೇ. 2011ರ ಜೂನ್‌ನಲ್ಲಿ ಅಮೆರಿಕದ ಕಡಲ ವಿಜ್ಞಾನಿ ಕೆನ್ ಬ್ಯೂಸೆಲರ್ ನೇತೃತ್ವದ ಹಡಗು ಇಲ್ಲಿ ಹಿಡಿದ ಪ್ರಾಣಿಪ್ಲವಕಗಳಲ್ಲಿ ಸೀಸಿಯಂ ಜೊತೆಗೆ ವಿಕಿರಣಶೀಲ ಬೆಳ್ಳಿಯೂ ಸಿಕ್ಕಿತ್ತು.

ಕಡಲ ಮೀನು ಸದಾ ಉಪ್ಪುನೀರು ಕುಡಿದು ಲವಣ ಹೊರಹಾಕುತ್ತಿರುತ್ತದೆ. ಅದರೊಡನೆ ಸೀಸಿಯಂ ಕೂಡ ಹೊರಬೀಳುತ್ತದೆ. ಸಿಹಿನೀರಿನ ಮೀನು ಲವಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಶುದ್ಧವಾಗುವುದು ನಿಧಾನ. ಕೆಸರಿನಲ್ಲಿ ಮೇಯುವ ತಳದ ಮೀನುಗಳೂ ಶುದ್ಧವಾಗಲು ತಡಮಾಡಿದವು.

2023ರ ಆಗಸ್ಟ್ 24ರಿಂದ ಸ್ಥಾವರದಲ್ಲಿ ಸಂಸ್ಕರಿಸಿದ ನೀರನ್ನು ಕಡಲಿಗೆ ಬಿಡುತ್ತಿದ್ದಾರೆ. ಅದರಲ್ಲಿರುವ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕದ ಕಿರಣ ತೀರಾ ದುರ್ಬಲ, ಜರ್ಮೇನಿಯಂಗೆ ಕಾಣುವುದೇ ಇಲ್ಲ. ಮೀನಿನ ಒಳಗಿನ ನೀರನ್ನು ಬೇರ್ಪಡಿಸಿ, ಕಿರಣ ತಾಗಿದರೆ ಮಿನುಗುವ ದ್ರವದೊಂದಿಗೆ ಬೆರೆಸಿ ಅಳೆಯಬೇಕು.

ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. 2023ರ ಮೇ ತಿಂಗಳಲ್ಲಿ ಸ್ಥಾವರದ ಬಂದರಿನೊಳಗೆ ಹಿಡಿದ ಒಂದು ಮೀನಿನಲ್ಲಿ ಕಿಲೋಗೆ 18,000 ಬೆಕೆರೆಲ್ ಸೀಸಿಯಂ ಇತ್ತು, ಮಿತಿಯ 180 ಪಟ್ಟು. ಬಂದರಿನೊಳಗಿನ ಮೀನು ಮಾರುಕಟ್ಟೆಗೆ ಹೋಗುವುದಿಲ್ಲ. ಹೊರಗೆ ಈಜಿಹೋಗದಂತೆ ಬಲೆಯನ್ನೂ ಕಟ್ಟಿದ್ದಾರೆ. ಆ ಅಂಕಿಯನ್ನು ಸ್ಥಾವರದವರೇ ಪ್ರಕಟಿಸಿದರು. ಹೀಗಾಗಿ ಅತ್ತೆಗೆ ನನ್ನ ಉತ್ತರ ಇಷ್ಟೇ: ಇವಾಕಿಯ ಒನಹಾಮಾ ಪೇಟೆಯ ಮೀನು ತಿನ್ನುತ್ತೇನೆ, ಆ ಬಂದರಿನದನ್ನು ತಿನ್ನುವುದಿಲ್ಲ.