ನದಿ ಮೇಲಿನ ಮುಟ್ಟಾಟಕ್ಕೆ ತಯಾರಿ

18 ದಿನ ಬಾಕಿ

ಕೇಂಬ್ರಿಡ್ಜಿನ ಕಾಲೇಜುಗಳ ದೋಣಿ ಪಂದ್ಯ ಮೇ ಬಂಪ್ಸ್ ನಡೆಯುವುದು ಜೂನಿನಲ್ಲಿ. ಕ್ಯಾಮ್ ನದಿ ಕಿರಿದು, ಪಕ್ಕಪಕ್ಕ ದೋಣಿ ಓಡಿಸಿ ಪಂದ್ಯ ಕಟ್ಟುವಷ್ಟು ಜಾಗವಿಲ್ಲ. ಹಾಗಾಗಿ ದೋಣಿಗಳನ್ನು ಸಾಲಾಗಿ, ನಡುವೆ ಒಂದೂವರೆ ದೋಣಿಯಷ್ಟು, ಅಂದರೆ ಸುಮಾರು 27 ಮೀಟರ್ ಬಿಟ್ಟು ನಿಲ್ಲಿಸಿ ತೋಪು ಹಾರಿಸುತ್ತಾರೆ. ಮುಂದಿನವರನ್ನು ಮುಟ್ಟಬೇಕು, ಹಿಂದಿನವರಿಗೆ ಸಿಗಬಾರದು. ಬುಧವಾರದಿಂದ ಶನಿವಾರದವರೆಗೆ ನಾಲ್ಕು ದಿನ. ಮುಟ್ಟಿದವರಿಗೂ ಮುಟ್ಟಿಸಿಕೊಂಡವರಿಗೂ ಮರುದಿನ ಜಾಗ ಅದಲುಬದಲು.

ನಮ್ಮದು ಕಾಲೇಜಿನ ಮೂರನೇ ದೋಣಿ. ಹುಟ್ಟು ಹಾಕಲು ಎಂಟು ಹುಡುಗಿಯರು, ಚುಕ್ಕಾಣಿಗೆ ನಾನು, ಅಂದರೆ ಕಾಕ್ಸ್. ಶ್ರೀರಂಗಪಟ್ಟಣದಲ್ಲಿ ಬೆಳೆದೂ ಹರಿಗೋಲು ಬಿಟ್ಟು ಬೇರೇನೂ ಹತ್ತಿದವಳಲ್ಲ. 47 ಕೆಜಿ ತೂಕವೊಂದೇ ನನ್ನ ಅರ್ಹತೆ.

13 ದಿನ

ಗ್ರಾಸಿ ತಿರುವಿನಲ್ಲಿ ಮತ್ತೆ ಜೊಂಡಿಗೆ ನುಗ್ಗಿದೆವು. ಎದುರಿಗೆ ಎಂಟು ತಲೆ, ದೋಣಿಯ ಮೂತಿ ನನಗೆ ಕಾಣಿಸುವುದೇ ಇಲ್ಲ. ತಿರುವು ಬಂದ ಮೇಲೆ ಚುಕ್ಕಾಣಿ ಹಗ್ಗ ಎಳೆದರೆ ಮೊದಲು ಬಾಲ ಆಚೆ ಸರಿಯುತ್ತದೆ, ಮೂತಿ ಆಮೇಲೆ. ಜೋರಾಗಿ ಎಳೆದರೆ ಅದೇ ಬ್ರೇಕು. ಈಗ ತಿರುವಿಗೆ ಮುಂಚೆಯೇ ಚೂರು ಎಳೆದು, ಹೊರಬದಿಯ ನಾಲ್ವರಿಗೆ ಜೋರು ಹಾಕಲು ಹೇಳುತ್ತೇನೆ. ಇವತ್ತು ಐದರಲ್ಲಿ ಮೂರು ಸಲ ಪಾಸು.

6 ದಿನ

ಇಡೀ ಸಂಜೆ ಬರೀ ಸ್ಟಾರ್ಟ್. ದಡಕ್ಕೆ ಕಟ್ಟಿದ ಸರಪಳಿಯ ತುದಿ ಕಾಕ್ಸ್ ಕೈಯಲ್ಲಿರಬೇಕು. ನಾಲ್ಕು ನಿಮಿಷ ಇರುವಾಗ ಒಂದು ತೋಪು, ಒಂದು ನಿಮಿಷ ಇರುವಾಗ ಇನ್ನೊಂದು, ಮೂರನೆಯದಕ್ಕೆ ಕೈ ಬಿಡಬೇಕು. ಆ ಕೊನೆಯ ನಿಮಿಷವೇ ಪ್ರಾಣ ತಿನ್ನುವುದು. ದಡದಿಂದ ಕೋಲಿನಲ್ಲಿ ನಮ್ಮನ್ನು ಆಚೆ ತಳ್ಳುತ್ತಾರೆ, ಗಾಳಿ ಈಚೆ ತಳ್ಳುತ್ತದೆ. ಮೂತಿ ಕಡೆಯ ಇಬ್ಬರು ಹುಟ್ಟನ್ನು ಮೆಲ್ಲಗೆ ಆಡಿಸಿ ಮೂತಿ ನೇರ ಇಡಬೇಕು, ಸರಪಳಿಯೂ ಬಿಗಿಯಾಗಿರಬೇಕು. ಬಿಗಿ ಅತಿಯಾದರೆ ಕೈಯಿಂದ ಜಾರುತ್ತದೆ. ಸಡಿಲವಾದರೆ ಹಿಂದಿನವರಿಗೆ ನಾವೇ ಹತ್ತಿರವಾದಂತೆ. ನನ್ನ ಅಂಗೈ ಸುಲಿದಿದೆ. ಸ್ಟ್ರೋಕ್ ಸೀಟಿನವಳು, ಅಂದರೆ ನನ್ನೆದುರೇ ಕೂತು ಎಲ್ಲರಿಗೂ ಲಯ ಕೊಡುವವಳು, ನಯವಾಗಿಯೇ ಹೇಳಿದಳು: "ನೀನು ಕಿರುಚುವುದು ಕಡಿಮೆ ಮಾಡು, ಎಣಿಸು ಸಾಕು." ಕಡಿಮೆ ಮಾಡಿದೆ. ದೋಣಿ ನಿಜಕ್ಕೂ ವೇಗವಾಗಿ ಹೋಯಿತು, ಬೇಜಾರೂ ಆಯಿತು.

ಮಂಗಳವಾರ ರಾತ್ರಿ

ದೋಣಿಯ ನಟ್ಟು ಬಿಗಿಯಲು 10 ಎಂಎಂ ಸ್ಪ್ಯಾನರ್ ಜೇಬಲ್ಲಿದೆ. ಡಿಕ್ಕಿಯಾದರೆ ಯಾರಿಗೂ ಚುಚ್ಚದಿರಲೆಂದು ಮೂತಿಗೆ ಹಾಕಿದ ರಬ್ಬರ್ ಚೆಂಡು ಅಲುಗುತ್ತಿಲ್ಲ. ಹಿಮ್ಮಡಿ ದಾರಗಳಲ್ಲಿ ಒಂದು ಕಡಿದಿತ್ತು. ದೋಣಿ ಮಗುಚಿದರೆ ಕಾಲು ಬೂಟಿನಿಂದ ಬಿಡಿಸಿಕೊಳ್ಳುವುದು ಆ ದಾರದಿಂದಲೇ, ಹಾಗಾಗಿ ಹೊಸದು ಕಟ್ಟಿದೆ. ಮೈಕು ಚಾರ್ಜಿಗೆ ಹಾಕಿದ್ದೇನೆ. ಅಮ್ಮ ಫೋನಿನಲ್ಲಿ, "ನಿನಗೆ ಈಜು ಬರುತ್ತದಲ್ವಾ?" ಅಂತ ಮೂರನೇ ಸಲ ಕೇಳಿದರು.

ಬುಧವಾರ

ಸರಪಳಿ ಬಿಗಿಯಾಗಿತ್ತು, ಮೂತಿ ನೇರವಿತ್ತು, ನಾನು ಕಿರುಚಲಿಲ್ಲ. ಆದರೂ ಗ್ರಾಸಿ ತಲುಪುವ ಮೊದಲೇ ಹಿಂದಿನವರು ಬಂದು ಮುಟ್ಟಿದರು. ನಾಳೆ ಅವರು ನಮ್ಮ ಮುಂದಿರುತ್ತಾರೆ, 27 ಮೀಟರ್ ದೂರದಲ್ಲಿ.